ಮೊಟ್ಟೆ ಮುಗಿದ ಫಾರಂ ಕೋಳಿಗೆ ಹಿತ್ತಲಲ್ಲಿ ಜಾಗ ಕೊಡಬಹುದಾ?

ಪ್ರಶ್ನೆ: ನಮಸ್ತೆ ಡಾಕ್ಟ್ರಮ್ಮ. ನಮ್ಮ ಮನೆ ಹಿಂದೆ 12 ಅಡಿಗೆ 10 ಅಡಿ ಖಾಲಿ ಜಾಗ ಇದೆ. ಅಲ್ಲಿ ನಾಲ್ಕು ನಾಟಿ ಹ್ಯಾಟೆ ಸಾಕಿದ್ದೇವೆ, ಹುಂಜ ಇಲ್ಲ. ಇನ್ನಷ್ಟು ಕೋಳಿ ಸೇರಿಸಬೇಕು ಅಂತ ಆಸೆ. ನಮ್ಮ ಯಜಮಾನರ ಸ್ನೇಹಿತರೊಬ್ಬರು ಹೊಸಕೋಟೆ ಕಡೆಯ ಮೊಟ್ಟೆ ಫಾರಂಗೆ ಫೀಡ್ ಸಾಗಿಸುತ್ತಾರೆ. ಅಲ್ಲಿ ಒಂದು ಬ್ಯಾಚ್ ಖಾಲಿ ಮಾಡುತ್ತಿದ್ದಾರಂತೆ. "ಕೋಳಿ ಅಂಗಡಿಗೆ ಹೋಗೋದರಲ್ಲಿ ಹತ್ತು ನಿಮಗೆ ಕೊಡಿಸ್ತೀನಿ" ಅಂದಿದ್ದಾರೆ. ಪಾಪ, ಉಳಿಸೋಣ ಅಂತ ಮಗಳ ಹಟ. "ಮೊಟ್ಟೆ ಇಡದ ಕೋಳಿಗೆ ಯಾರು ತೌಡು ಹಾಕ್ತಾರೆ" ಅಂತ ನಮ್ಮತ್ತೆ. ನೀವೇನಂತೀರಿ?
— ಓದುಗರೊಬ್ಬರು, ತಲಘಟ್ಟಪುರ

ಉತ್ತರ: ತನ್ನಿ. ಆದರೆ ಹತ್ತಲ್ಲ, ಆರು. ಅದೂ ಬೇರೆ ಗೂಡು ಸಿದ್ಧವಾದ ಮೇಲೆ. ಈ ಬ್ಯಾಚ್ ತಪ್ಪಿದರೆ ಚಿಂತೆ ಬೇಡ. ಹೊಸಕೋಟೆ ಸುತ್ತಮುತ್ತ ಬ್ಯಾಚ್ ಖಾಲಿಯಾಗುವುದು ಯಾವತ್ತೂ ನಿಲ್ಲುವುದಿಲ್ಲ.

ಆರೇ ಯಾಕೆ ಅಂದರೆ ಜಾಗದ ಲೆಕ್ಕ. ರಾತ್ರಿ ಮಲಗುವ ಗೂಡಿನೊಳಗೆ ಒಂದು ಕೋಳಿಗೆ 2 ಚದರ ಅಡಿ, ಹಗಲು ಓಡಾಡಲು ಸುಮಾರು 10 ಚದರ ಅಡಿ ಇಟ್ಟುಕೊಳ್ಳಿ. ನಿಮ್ಮ 120 ಚದರ ಅಡಿಗೆ ಹತ್ತು ಕೋಳಿ ಸರಿ. ನಾಲ್ಕು ಈಗಾಗಲೇ ಇವೆಯಲ್ಲ. ಇದಕ್ಕಿಂತ ಜಾಸ್ತಿ ತುಂಬಿದರೆ ಮಳೆಗಾಲದಲ್ಲಿ ನೆಲ ಕೆಸರಾಗಿ, ಹಿಕ್ಕೆ ಸೇರಿ, ವಾಸನೆ ಪಕ್ಕದ ಮನೆಯವರೆಗೂ ಹೋಗುತ್ತದೆ. ಬೆಂಗಳೂರಲ್ಲಿ ಕೋಳಿ ಸಾಕುವವರ ಜಗಳ ಮುಕ್ಕಾಲು ಪಾಲು ಶುರುವಾಗುವುದು ಹೀಗೇ.

ಇನ್ನು ನಿಮ್ಮತ್ತೆಯವರ ಮಾತು. ಅವರದ್ದು ಅರ್ಧ ಸರಿ. ಫಾರಂ ಹ್ಯಾಟೆ ಸುಮಾರು 20 ವಾರಕ್ಕೆ ಮೊಟ್ಟೆ ಶುರು ಮಾಡುತ್ತದೆ. 72ರಿಂದ 80 ವಾರದ ಹೊತ್ತಿಗೆ ಬ್ಯಾಚ್ ಖಾಲಿ ಮಾಡುತ್ತಾರೆ. ಆಗ ಮೊಟ್ಟೆ ಪೂರ್ತಿ ನಿಂತಿರುವುದಿಲ್ಲ. ತಿನ್ನುವ ಫೀಡಿಗೆ ಕೊಡುವ ಮೊಟ್ಟೆ ಸಾಲದು, ಅಷ್ಟೆ. ಆದರೆ ನಿಮ್ಮ ಮನೆಗೆ ಬಂದ ಮೇಲೆ ಬಹುಪಾಲು ನಿಂತೇ ಹೋಗುತ್ತದೆ. ಫಾರಂನಲ್ಲಿ ಬಲ್ಬು ಹಾಕಿ ದಿನಕ್ಕೆ 16 ಗಂಟೆ ಬೆಳಕು ಕೊಡುತ್ತಾರೆ. ನಮ್ಮೂರಲ್ಲಿ ಡಿಸೆಂಬರ್‌ನ ಹಗಲು 11 ಗಂಟೆ ಚಿಲ್ಲರೆ. ಜೂನ್‌ನಲ್ಲೂ 13 ಮುಟ್ಟುವುದಿಲ್ಲ. ಬೆಳಕು ಕಡಿಮೆಯಾದ ಕೂಡಲೇ ಅವು ಪುಕ್ಕ ಉದುರಿಸಲು ಶುರು ಮಾಡುತ್ತವೆ. ಹೊಸ ಪುಕ್ಕ ಬರುವವರೆಗೆ, ಅಂದರೆ ಎರಡು ಮೂರು ತಿಂಗಳು, ಮೊಟ್ಟೆ ಕೇಳಬೇಡಿ. ಆಮೇಲೆ ಕೆಲವು ಇಡುತ್ತವೆ, ಕೆಲವು ಇಡುವುದೇ ಇಲ್ಲ. ಅಷ್ಟೂ ದಿನ ಒಂದೊಂದಕ್ಕೆ ದಿನಕ್ಕೆ 110 ಗ್ರಾಂ ಫೀಡ್ ಬೇಕು. ಆರು ಕೋಳಿಗೆ ತಿಂಗಳಿಗೆ 20 ಕೆ.ಜಿ. ಈ ಅಂಕಿ ಅತ್ತೆಯವರ ಮುಂದೆ ಮೊದಲೇ ಇಟ್ಟುಬಿಡಿ.

ಮೊಟ್ಟೆಯೇ ಮುಖ್ಯ ಅಂದರೆ ಈ ದಾರಿ ಬೇಡ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೇ ಗಿರಿರಾಜ, ಸ್ವರ್ಣಧಾರ ತಳಿ ಹುಟ್ಟಿದ್ದು. ಸ್ವರ್ಣಧಾರ ಹಿತ್ತಲಿಗೆ ಚೆನ್ನಾಗಿ ಒಗ್ಗುತ್ತದೆ, ನಾಟಿಗಿಂತ ಎರಡು ಪಟ್ಟು ಮೊಟ್ಟೆ ಇಡುತ್ತದೆ. ಮೊಟ್ಟೆಗೆ ಅವು, ಕರುಣೆಗೆ ಇವು. ಎರಡನ್ನೂ ಒಂದೇ ಸಲ ತರಬೇಡಿ.

ಮಗಳ ಆಸೆಯೇ ಗೆದ್ದಿತು ಅಂತ ಇಟ್ಟುಕೊಂಡು ಮುಂದಿನದ್ದು ಹೇಳುತ್ತೇನೆ.

ಮೊದಲ 30 ದಿನ ಹೊಸ ಕೋಳಿ ಹಳೆಯದರ ಹತ್ತಿರ ಸುಳಿಯಬಾರದು. ಮನೆಯ ಮುಂದೆ, ಪಕ್ಕದ ಸಂದಿಯಲ್ಲಿ, ತಾರಸಿ ಮೇಲೆ ನೆರಳು ಮಾಡಿ, ಎಲ್ಲಾದರೂ ಸರಿ. ಹಿತ್ತಲು ಮಾತ್ರ ಬೇಡ. ಫಾರಂ ಕೋಳಿಗೆ ಲಸಿಕೆ ಆಗಿರುತ್ತದೆ. ಅದು ಚೆನ್ನಾಗೇ ಕಾಣುತ್ತದೆ. ಆದರೂ ಕೊಕ್ಕರೆ ರೋಗದ (ರಾಣಿಖೇತ್) ವೈರಸ್ಸನ್ನು ಹೊತ್ತು ತರಬಹುದು. ಲಸಿಕೆ ಕಾಣದ ನಾಟಿ ಕೋಳಿಗೆ ತಗುಲಿದರೆ ಕತ್ತು ತಿರುಚಿಕೊಂಡು ಸಾಲಾಗಿ ಸಾಯುತ್ತವೆ. ನಿಮ್ಮ ನಾಲ್ಕಕ್ಕೆ ಲಸಿಕೆ ಆಗಿದೆಯಾ? ಪತ್ರದಲ್ಲಿ ಬರೆದಿಲ್ಲ. ಆಗಿಲ್ಲವಾದರೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ, ಹೊಸವು ಬರುವುದಕ್ಕೆ ಎರಡು ವಾರ ಮೊದಲೇ ಹಾಕಿಸಿ. ದಿನಾ ಮೊದಲು ಹಳೇ ಕೋಳಿಗಳ ಕೆಲಸ ಮುಗಿಸಿ, ಆಮೇಲೆ ಹೊಸದಕ್ಕೆ ಹೋಗಿ. ಅಲ್ಲಿಗೆ ಬೇರೆ ಚಪ್ಪಲಿ ಇಡಿ. ನೀರಿನ ಬಟ್ಟಲೂ ಬೇರೆ.

ಹಕ್ಕಿ ಜ್ವರದ ಸುದ್ದಿ ಇರುವಾಗ ತರಲೇಬೇಡಿ. 2012ರ ಅಕ್ಟೋಬರ್‌ನಲ್ಲಿ ಹೆಸರಘಟ್ಟದಲ್ಲಿ, 2025ರ ಶುರುವಿನಲ್ಲಿ ಚಿಕ್ಕಬಳ್ಳಾಪುರದಲ್ಲಿ ಬಂದಿತ್ತು, ನೆನಪಿರಬೇಕು. ರೋಗ ಸಿಕ್ಕ ಜಾಗದ ಸುತ್ತ 1 ಕಿ.ಮೀ. ಒಳಗೆ ಮನೆ ಕೋಳಿಯನ್ನೂ ಬಿಡುವುದಿಲ್ಲ.

ಬಂದ ದಿನ ಅವುಗಳ ಅವಸ್ಥೆ ನೋಡಿ ಮಗಳು ಅತ್ತರೆ ಆಶ್ಚರ್ಯ ಇಲ್ಲ. ಕತ್ತಿನ ಪುಕ್ಕ ಸವೆದಿರುತ್ತದೆ, ಜುಟ್ಟು ಬಿಳಿಚಿ ಒಂದು ಕಡೆ ವಾಲಿರುತ್ತದೆ, ಉಗುರು ಉದ್ದ ಬೆಳೆದಿರುತ್ತದೆ, ಕೊಕ್ಕಿನ ತುದಿ ಕತ್ತರಿಸಿರುತ್ತಾರೆ. ಪಂಜರದಲ್ಲಿ ಒಂದೊಂದಕ್ಕೆ ಸಿಗುವುದು ಎ4 ಹಾಳೆಗಿಂತ ಕಡಿಮೆ ಜಾಗ. ಓಡಾಟ ಇಲ್ಲ, ಜೊತೆಗೆ ವರ್ಷವಿಡೀ ಮೊಟ್ಟೆ ಚಿಪ್ಪಿಗೆ ಸುಣ್ಣ ಹೋಗಿ ಮೂಳೆ ಟೊಳ್ಳಾಗಿರುತ್ತದೆ. ಆದ್ದರಿಂದ ಕಾಲು ಹಿಡಿದು ತಲೆಕೆಳಗೆ ಎತ್ತಬೇಡಿ. ರೆಕ್ಕೆ ಸಮೇತ ಎರಡೂ ಕೈಯಲ್ಲಿ ಹಿಡಿಯಿರಿ. ಕೂರುವ ಕೋಲು ನೆಲದಿಂದ ಒಂದು ಅಡಿ ಸಾಕು, ಎತ್ತರದಿಂದ ಹಾರಿದರೆ ಮೂಳೆ ಮುರಿಯುತ್ತದೆ. ಬಟ್ಟಲಲ್ಲಿ ನೀರು ಕುಡಿಯಲೂ ಕೆಲವಕ್ಕೆ ಬರುವುದಿಲ್ಲ, ನಿಪ್ಪಲ್‌ನಿಂದ (ಕೊಕ್ಕು ತಾಗಿದರೆ ನೀರು ತೊಟ್ಟಿಕ್ಕುವ ನಳಿಕೆ) ಕುಡಿದು ಅಭ್ಯಾಸ. ಕೊಕ್ಕನ್ನು ಮೆತ್ತಗೆ ನೀರಿಗೆ ತಾಕಿಸಿ ತೋರಿಸಿ. ಒಂದು ಕಲಿತರೆ ಉಳಿದವು ನೋಡಿ ಕಲಿಯುತ್ತವೆ. ಸಂಜೆ ತಾವಾಗೇ ಗೂಡಿಗೆ ಹೋಗುವುದೂ ಗೊತ್ತಿಲ್ಲ, ಕೆಲವು ದಿನ ಎತ್ತಿ ಒಳಗೆ ಬಿಡಬೇಕು. ನಮ್ಮ ಯಲಹಂಕದ ಹಿತ್ತಲಿಗೆ ಬಂದ ಒಂದು ಬಿಳಿ ಹ್ಯಾಟೆ ಮಣ್ಣಿಗೆ ಕಾಲಿಡಲೇ ಒಪ್ಪಲಿಲ್ಲ, ಬಟ್ಟೆ ಒಗೆಯುವ ಕಲ್ಲಿನ ಮೇಲೇ ನಿಂತಿರುತ್ತಿತ್ತು. ಕೆಳಗೆ ಇಳಿಸಿದ್ದು ನಾನಲ್ಲ, ಮಳೆಗೆ ಎದ್ದ ಎರೆಹುಳ.

ಮೇವು ತಟ್ಟನೆ ಬದಲಿಸಬೇಡಿ. ಮೊಟ್ಟೆ ಕೋಳಿಗೆ ಅಂತಲೇ ಅಂಗಡಿಯಲ್ಲಿ ಸಿಗುವ ಲೇಯರ್ ಫೀಡನ್ನೇ ಹಾಕಿ. ರಾಗಿ, ನುಚ್ಚು, ಸೊಪ್ಪು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಬೇರೆ ಬಟ್ಟಲಲ್ಲಿ ಕಪ್ಪೆಚಿಪ್ಪಿನ ಪುಡಿ ಸದಾ ಇರಲಿ, ಬೇಕಾದದ್ದು ತಿನ್ನುತ್ತದೆ. ರೆಕ್ಕೆ ಅಡಿ, ಹಿಂಭಾಗ ಬಿಡಿಸಿ ಹೇನು ನೋಡಿ. ಒಣ ಮಣ್ಣಿಗೆ ಒಲೆ ಬೂದಿ ಬೆರೆಸಿಟ್ಟರೆ ಅದರಲ್ಲೇ ಹೊರಳಾಡುತ್ತವೆ. ಜಂತಿಗೆ ಔಷಧ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಡಾಕ್ಟರ ಬಾಯಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.

ತಿಂಗಳಾದ ಮೇಲೆ ಸೇರಿಸುವ ಕೆಲಸ. ನಿಮ್ಮ ನಾಟಿ ಹ್ಯಾಟೆಗಳಿಗೆ ಪೂರ್ತಿ ಕೊಕ್ಕಿದೆ, ಜಾಗವೂ ಅವರದ್ದೇ. ಹೊಸವಕ್ಕೆ ಎರಡೂ ಇಲ್ಲ. ಸುಮ್ನೆ ಒಳಗೆ ಬಿಟ್ಟರೆ ಹೊಸ ಸೊಸೆ ಪಾಡೇ. ಒಂದು ವಾರ ನಡುವೆ ಜಾಲರಿ ಕಟ್ಟಿ, ಮುಖ ನೋಡಿಕೊಳ್ಳಲಿ. ಆಮೇಲೆ ಆರನ್ನೂ ಒಟ್ಟಿಗೇ ಬಿಡಿ, ಒಂದೊಂದಾಗಿ ಬೇಡ. ಮೇವಿನ ತಟ್ಟೆ ಎರಡು ಮೂರು ಕಡೆ ಇಡಿ. ಕುಕ್ಕಾಟ ಸಹಜ. ರಕ್ತ ಬಂದರೆ ಮಾತ್ರ ಗಾಯಗೊಂಡದ್ದನ್ನು ತಕ್ಷಣ ಬೇರೆ ಮಾಡಿ, ಕೆಂಪು ಕಂಡರೆ ಎಲ್ಲವೂ ಬಂದು ಅಲ್ಲೇ ಕುಕ್ಕುತ್ತವೆ. ಗೂಡಿಗೆ ತೆಳು ಕೋಳಿ ಜಾಲರಿ ಸಾಲದು, ನಾಯಿ ಹರಿಯುತ್ತದೆ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿಸಿ, ಮುಂಗುಸಿ ತೋಡದ ಹಾಗೆ ಒಂದು ಅಡಿ ಮಣ್ಣೊಳಗೂ ಇಳಿಸಿ.

ಮಗಳಿಗೆ ಒಂದು ಮಾತು ಮೊದಲೇ ಹೇಳಿಡಿ. ಇಷ್ಟೆಲ್ಲ ಮಾಡಿದರೂ ಆರರಲ್ಲಿ ಒಂದೆರಡು ಕೋಳಿ ವರ್ಷ ತುಂಬುವುದರೊಳಗೆ ಸತ್ತು ಹೋಗಬಹುದು. ಹೊಟ್ಟೆಯೊಳಗೇ ಮೊಟ್ಟೆ ಒಡೆದು ಕೀವಾಗುವುದು, ಹಿಂಭಾಗದಿಂದ ಮೊಟ್ಟೆ ನಾಳ ಹೊರಬರುವುದು ಈ ತಳಿಗೆ ಇರುವ ಕಾಯಿಲೆಗಳು. ಅದು ಅವಳ ಆರೈಕೆಯ ತಪ್ಪಲ್ಲ.

ಪ್ರಶ್ನೆ: ಕಡಲೆಕಾಯಿ ಪರಿಷೆಯಲ್ಲಿ ಬಣ್ಣ ಬಳಿದ ಎರಡು ಪಿಳ್ಳೆಗಳನ್ನು ಪಾಪ ಅಂತ ಕೊಂಡು ತಂದೆವು. ಈಗ ಎರಡೂ ಹುಂಜ! ಬೆಳಗಿನ ಜಾವ ನಾಲ್ಕಕ್ಕೇ ಕೂಗುತ್ತವೆ. ಪಕ್ಕದ ಮನೆಯವರು ಮಾತು ಬಿಟ್ಟಿದ್ದಾರೆ.
— ಓದುಗರೊಬ್ಬರು, ಹನುಮಂತನಗರ

ಉತ್ತರ: ಹುಂಜವೇ ಆಗಬೇಕು. ಮೊಟ್ಟೆ ಕೋಳಿ ಹ್ಯಾಚರಿಗಳಲ್ಲಿ ಮರಿ ಹೊರಬಂದ ದಿನವೇ ಗಂಡು ಹೆಣ್ಣು ಬೇರೆ ಮಾಡುತ್ತಾರೆ. ಬಣ್ಣ ಬಳಿದು ಬುಟ್ಟಿಗೆ ಬರುವುದು ಬೇಡವಾದ ಗಂಡುಗಳು. ದುಡ್ಡು ಕೊಟ್ಟು ತಂದರೆ ಮುಂದಿನ ಪರಿಷೆಗೆ ಇನ್ನೊಂದು ಬುಟ್ಟಿ ಬರುತ್ತದೆ, ಆದ್ದರಿಂದ ಮತ್ತೆ ಕೊಳ್ಳಬೇಡಿ. ಎರಡರಲ್ಲಿ ಒಂದನ್ನು ಊರ ಕಡೆ ಹ್ಯಾಟೆ ಸಾಕಿರುವ ನೆಂಟರಿಗೆ ಕೊಡಿ, ಒಂದು ಇನ್ನೊಂದಕ್ಕೆ ಉತ್ತರ ಕೊಡುವುದಾದರೂ ತಪ್ಪುತ್ತದೆ. ಉಳಿದದ್ದನ್ನು ರಾತ್ರಿ ಗಾಳಿಯಾಡುವ ಕತ್ತಲ ಪೆಟ್ಟಿಗೆಯಲ್ಲಿಟ್ಟು ಏಳಕ್ಕೆ ಹೊರಗೆ ಬಿಡಿ. ಕೂಗು ಪೂರ್ತಿ ನಿಲ್ಲದಿದ್ದರೂ ತಗ್ಗುತ್ತದೆ. ಪಕ್ಕದ ಮನೆಯವರನ್ನು ಒಲಿಸಿಕೊಳ್ಳಲು ಕೊಡೋಣ ಅಂದರೆ ನಿಮ್ಮ ಹತ್ತಿರ ಮೊಟ್ಟೆಯೂ ಇಲ್ಲವಲ್ಲ!