ಕೈ ಹಿಡಿದರೂ ಭಯ

ನನ್ನ ಹತ್ತಿರ ಆಪ್ತಸಲಹೆಗೆ ಬಂದ ತುಮಕೂರಿನ ಈ ಜೋಡಿಯ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಗಂಡನಿಗೆ ವಸಂತನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಹೆಂಡತಿ ಬಾಣಂತನ ಮುಗಿಸಿ ತವರಿಂದ ಬಂದು ನಾಲ್ಕು ತಿಂಗಳು. ಮಗುವಿಗೆ ಒಂಬತ್ತು.

"ಇವಳಿಗೆ ನಾನು ಬೇಡ ಆಗಿದ್ದೀನಿ ಮೇಡಂ" ಅಂತಲೇ ಗಂಡ ಶುರು ಮಾಡಿದರು. ಮಂಚದಲ್ಲಿ ತಾಯಿ, ಮಗು. ಇವರ ಚಾಪೆ ಹಾಲ್‌ನಲ್ಲಿ, ತಮ್ಮ ಅಮ್ಮನ ಹಾಸಿಗೆಯ ಪಕ್ಕ. ಅವರು ಮಾತಾಡುವಷ್ಟು ಹೊತ್ತೂ ಹೆಂಡತಿ ಮಗುವಿನ ಕುಲಾವಿಯ ದಾರವನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದರು.

ಆಕೆಯನ್ನು ಒಬ್ಬರನ್ನೇ ಕೂರಿಸಿ ಕೇಳಿದೆ. ತವರಿಂದ ಬಂದ ಮೇಲೆ ಒಂದು ಸಲ ಸೇರಿದಾಗ ಜೀವ ಹೋಗುವಷ್ಟು ನೋವಾಗಿತ್ತು. ಹೊಲಿಗೆ ಬಿಚ್ಚಿತೇನೋ ಅಂತ ಹೆದರಿದ್ದರು. ಯಾರಿಗೂ ಹೇಳಿರಲಿಲ್ಲ. ಮತ್ತೆ ಬಸಿರಾದರೆ ಏನು ಗತಿ ಅನ್ನುವ ಚಿಂತೆ ಬೇರೆ. "ಸುಮ್ನೆ ಕೈ ಹಿಡಿದರೂ ಎಳ್ಕೊಂಡುಬಿಡ್ತೀನಿ ಮೇಡಂ. ಅದು ಅಲ್ಲಿಗೇ ನಿಲ್ಲಲ್ಲ ಅಲ್ವಾ?"

ಇಬ್ಬರನ್ನೂ ಕೂರಿಸಿಕೊಂಡು, ಆಕೆಯ ಒಪ್ಪಿಗೆ ಪಡೆದೇ ಇದನ್ನು ಹೇಳಿದೆ. ಎದೆಹಾಲು ಕುಡಿಸುವಾಗ ಈಸ್ಟ್ರೊಜೆನ್ ಕಡಿಮೆ ಇರುತ್ತದೆ. ಅದರಿಂದ ಒಳಗೆ ಒಣಗಿ ನೋವಾಗಬಹುದು, ಆಸೆಯೂ ತಗ್ಗಬಹುದು. ಇನ್ನೂ ಮುಟ್ಟಾಗಿಲ್ಲ, ಬಸಿರಾಗಲ್ಲ ಅಂತ ಗಂಡ ನಂಬಿದ್ದರು. ಮಗುವಿಗೆ 6 ತಿಂಗಳು ದಾಟಿದ ಮೇಲೆ ಅದನ್ನು ನಂಬುವಂತಿಲ್ಲ. ಆಕೆಯ ಭಯವೇ ಸರಿಯಾಗಿತ್ತು.

ಮೊದಲು ಇಬ್ಬರೂ ಹೆರಿಗೆ ಡಾಕ್ಟರ ಹತ್ತಿರ ಹೋಗಿ, ಹೊಲಿಗೆ ತೋರಿಸಿ, ಒಣಗುವುದಕ್ಕೆ ಹಚ್ಚುವ ಜೆಲ್ ಬಗ್ಗೆ ಕೇಳಿ ಅಂದೆ. ಬಸಿರು ತಡೆಯುವ ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರ' ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಯಲ್ಲೂ ಸಿಗುತ್ತವೆ. ಕಾರಣವಿಲ್ಲದೆ ಅಳು, ಮಗು ಮಲಗಿದರೂ ಬಾರದ ನಿದ್ದೆ ಇದೆಯಾ ಅಂತಲೂ ವಿಚಾರಿಸಿದೆ. ಈಕೆಗೆ ಇರಲಿಲ್ಲ. ಇರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು ಗಂಡನಿಗೆ ಕಷ್ಟವಾಯಿತು. ಒಂದು ತಿಂಗಳು ಸೇರುವ ವಿಷಯವೇ ಬೇಡ ಅಂದೆ. "ಇನ್ನೂ ದೂರ ಆಗಲ್ವಾ?" ಅಂದರು. ನ್ಯಾಯವಾದ ಪ್ರಶ್ನೆ. ಈಗ ನೀವು ಮುಟ್ಟಿದಾಗೆಲ್ಲ ಆಕೆಗೆ ಮುಂದೇನೋ ಅನ್ನುವ ದಿಗಿಲು. ಮುಂದೇನೂ ಇಲ್ಲ ಅಂತ ಖಾತ್ರಿಯಾದರೆ ಹತ್ತಿರ ಕೂರುತ್ತಾರೆ ಅಂದೆ. ಸಂಜೆ ಅರ್ಧ ಗಂಟೆ ಅಜ್ಜಿ ಮಗುವನ್ನು ನೋಡಿಕೊಳ್ಳಲಿ, ರಾತ್ರಿ ಒಂದು ಸಲ ಮಗುವಿನ ಬಟ್ಟೆ ಬದಲಿಸುವ ಕೆಲಸ ಗಂಡನದು.

ಆರು ವಾರದ ಮೇಲೆ ಬಂದರು. ಸಂಜೆ ಬಾಗಿಲ ಮೆಟ್ಟಿಲ ಮೇಲೆ ಕೂತು ಇಬ್ಬರೂ ಟೀ ಕುಡಿಯುತ್ತಾರಂತೆ. "ಮೊನ್ನೆ ಇವಳೇ ಭುಜಕ್ಕೆ ಒರಗಿದಳು" ಅಂದ ಗಂಡನ ಕಣ್ಣು ತುಂಬಿತ್ತು. ಚಾಪೆ ಹಾಲ್‌ನಿಂದ ಮಂಚದ ಪಕ್ಕಕ್ಕೆ ಬಂದಿದೆ. ನೋವು ಪೂರ್ತಿ ಹೋಗಿಲ್ಲ, ಡಾಕ್ಟರ್ ಮುಂದಿನ ತಿಂಗಳು ಮತ್ತೆ ಬರಹೇಳಿದ್ದಾರೆ. ಗಂಡ ಆಗಲೇ ರಜೆ ಹಾಕಿಟ್ಟಿದ್ದಾರೆ.