ಕೆರೆ ಊರಿನ ಹುಡುಗಿ ಮೀನು ಓದಿದರೆ ತಪ್ಪೇನು?

ಪ್ರಶ್ನೆ: ನನಗೆ 24 ವರ್ಷ. ಸೂಳೆಕೆರೆ ಹತ್ತಿರದ ಹಳ್ಳಿ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಎಂ.ಎಫ್.ಎಸ್‌ಸಿ. (ಮೀನುಗಾರಿಕೆಯ ಸ್ನಾತಕೋತ್ತರ ಪದವಿ) ಮುಗಿಸಿದ್ದೇನೆ. ಮುಂಬೈನ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆಯಲ್ಲಿ (ಸಿಐಎಫ್‌ಇ) ಪಿಎಚ್‌ಡಿ ಸೀಟು ಸಿಕ್ಕಿದೆ. ನಮ್ಮ ಮನೆಯಲ್ಲಿ ಮೀನು ಮುಟ್ಟುವುದಿಲ್ಲ. ನೆಂಟರು ಕೇಳಿದರೆ ಅಪ್ಪಾಜಿ 'ಮಗಳು ಅಗ್ರಿ ಓದ್ತಾಳೆ' ಅನ್ನುತ್ತಾರೆ. ಜಮೀನಿನ ಮೇಲೆ ಸಾಲ ಇದೆ, ಮದುವೆ ಮಾತೂ ಶುರುವಾಗಿದೆ. ಮೀನಿನ ಮೇವಿನ ಕಂಪನಿಯೊಂದು ಕೆಲಸಕ್ಕೆ ಕರೆದಿದೆ. ಏನು ಮಾಡಲಿ?
– ಹೆಸರು ಬೇಡ, ಚನ್ನಗಿರಿ ತಾಲ್ಲೂಕು

ತಂಗೀ, ಸಾಲ, ಮದುವೆ ಎರಡಕ್ಕಿಂತ ಅಪ್ಪಾಜಿಯ ಆ ಒಂದು ಮಾತೇ ನಿನ್ನನ್ನು ಜಾಸ್ತಿ ನೋಯಿಸಿದೆ ಅಂತ ನನಗೆ ಅನ್ನಿಸಿತು. ಆದರೆ ಆರು ವರ್ಷ ಮಂಗಳೂರಿಗೆ ಕಳಿಸಿ ಓದಿಸಿದವರು ಅವರೇ ಅಲ್ವಾ? ಮೀನು ಅಂದರೆ ಅವರ ಕಣ್ಣಿಗೆ ಬರುವುದು ಸಂತೆ, ವಾಸನೆ. ನೀನು ಅಲ್ಲಿ ಏನು ಕಲಿತೆ ಅಂತ ಅವರಿಗೆ ಯಾರೂ ಬಿಡಿಸಿ ಹೇಳಿಲ್ಲ.

ನೀನೇ ಹೇಳು. ಒಂದು ಬೆಳಿಗ್ಗೆ ಬಲೆ ಎಳೆಯುವ ಹೊತ್ತಿಗೆ ಅವರನ್ನು ಸೂಳೆಕೆರೆ ಏರಿಗೆ ಕರೆದುಕೊಂಡು ಹೋಗು. ಕಾಟ್ಲಾ, ರೋಹು, ಮೃಗಾಲ್‌ನಂಥ ಗೆಂಡೆ ಜಾತಿಯ ಮೀನು ನಿಂತ ನೀರಲ್ಲಿ ಮರಿ ಮಾಡುವುದಿಲ್ಲ, ಅವಕ್ಕೆ ಮಳೆಗಾಲದ ಹರಿಯುವ ಹೊಳೆ ಬೇಕು ಅನ್ನು. ಅದಕ್ಕೇ ಕೆರೆಗೆ ಮರಿ ತಂದು ಬಿಡಬೇಕು. ಹಿಂದೆ ಆ ಮರಿಗಳನ್ನು ಹೊಳೆಗಳಲ್ಲೇ ಹಿಡಿದು ತರಬೇಕಿತ್ತು. 1957ರಲ್ಲಿ ಕಟಕ್‌ನಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಗಾರರು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸದ ಇಂಜೆಕ್ಷನ್ ಕೊಟ್ಟು ಗೆಂಡೆ ಜಾತಿಯ ಮೀನು ಮೊಟ್ಟೆ ಇಡುವಂತೆ ಮಾಡಿದರು. ಇವತ್ತು ರೈತ ಕೃಷಿಹೊಂಡಕ್ಕೆ ಮರಿ ಕೊಂಡು ತಂದು ಬಿಡುತ್ತಾನಲ್ಲ, ಅದು ಆ ಕೆಲಸದ ಫಲ. ಬೀಜದ ಬೆಲೆ ಗೊತ್ತಿರುವ ಅಪ್ಪಾಜಿಗೆ ಇದು ಖಂಡಿತ ಅರ್ಥವಾಗುತ್ತದೆ. ನೀನು ಓದಿದ ಕಾಲೇಜು 1969ರಲ್ಲಿ ಶುರುವಾಯಿತು, ದೇಶದ ಮೊದಲ ಮೀನುಗಾರಿಕೆ ಕಾಲೇಜು. ಇದನ್ನೂ ಹೇಳು.

ಇನ್ನು ದುಡ್ಡು. ಸೀಟಿನ ಜೊತೆ ಫೆಲೋಶಿಪ್, ಅಂದರೆ ಓದುವಾಗ ತಿಂಗಳು ತಿಂಗಳು ಸಿಗುವ ಹಣ, ಇದೆಯಾ? ಪತ್ರದಲ್ಲಿ ನೀನು ಅದನ್ನೇ ಬರೆದಿಲ್ಲ. ಇದ್ದರೆ ಹೋಗು, ಎರಡನೇ ಯೋಚನೆ ಬೇಡ. ಇಲ್ಲದಿದ್ದರೆ ಸಾಲದ ಮೇಲೆ ಸಾಲ ಮಾಡಿ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಕಂಪನಿ ಸೇರು, ಸಾಲ ಇಳಿಸು, ಮುಂದಿನ ಸಲ ಫೆಲೋಶಿಪ್‌ಗಾಗಿಯೇ ಪರೀಕ್ಷೆ ಬರೆ. ಮೇವಿನ ಕೆಲಸವೂ ನಿನ್ನ ವಿಷಯವೇ, ಆ ವರ್ಷಗಳು ಹಾಳಾಗುವುದಿಲ್ಲ.

ಒಂದು ಕಹಿ ವಿಷಯ. ಪಿಎಚ್‌ಡಿ ಆದ ಮಾತ್ರಕ್ಕೆ ಯಾರೂ ಕರೆದು ಕುರ್ಚಿ ಕೊಡುವುದಿಲ್ಲ. ಮೀನುಗಾರಿಕೆ ಕಾಲೇಜುಗಳೇ ಕಡಿಮೆ, ಹುದ್ದೆಗಳು ಇನ್ನೂ ಕಡಿಮೆ. ಪ್ರಾಜೆಕ್ಟ್ ಕೆಲಸ, ಅತಿಥಿ ಉಪನ್ಯಾಸ ಅಂತ ಕೆಲವು ವರ್ಷ ಕಾಯಬೇಕಾಗಬಹುದು. ಅದಕ್ಕೇ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ (ಎಎಸ್‌ಆರ್‌ಬಿ) ನಡೆಸುವ ನೆಟ್ ಎಂಬ ಬೋಧಕರ ಅರ್ಹತಾ ಪರೀಕ್ಷೆಯನ್ನು ಈಗಲೇ ಪಾಸು ಮಾಡಿಕೋ. ಮೀನುಗಾರಿಕೆ ಇಲಾಖೆಯ ಹುದ್ದೆಗಳ ಮೇಲೂ ಕಣ್ಣಿರಲಿ.

ಮದುವೆ ವಿಷಯದಲ್ಲಿ ಮುಚ್ಚುಮರೆ ಬೇಡ. ನೋಡಲು ಬಂದವರಿಗೆ ಮೊದಲ ದಿನವೇ ಎಲ್ಲ ಹೇಳಿ. 'ಅಗ್ರಿ' ಅಂತ ನಂಬಿಸಿ ಕೊಟ್ಟರೆ ಆಮೇಲೆ ಪ್ರತಿದಿನ ಉತ್ತರ ಕೊಡಬೇಕಾದವಳು ನೀನು.

ಏರಿ ಮೇಲಿಂದ ವಾಪಸ್ ಬರುವಾಗ ಅಪ್ಪಾಜಿಗೆ ಇನ್ನೊಂದು ಮಾತು ಕೇಳು: 'ಇನ್ನು ಮೇಲೆ ನೆಂಟರು ಕೇಳಿದರೆ ನನ್ನ ಮಗಳು ಮೀನಿನ ಬಗ್ಗೆ ಓದ್ತಾಳೆ ಅಂತ ಹೇಳ್ತೀರಾ?'