ನೀಲಗಿರಿ ಕಡಿದರೆ ಓಝೋನ್ ಇಳಿಯುತ್ತದೆಯೇ?

ಪ್ರಶ್ನೆ: ನಮ್ಮ ಲೇಔಟಿನ ಬೇಲಿಗುಂಟ ಇರೋ ನೀಲಗಿರಿ ಗಿಡ ಬ್ಯಾಸಿಗ್ಯಾಗ ಗಾಳಿ ಕೆಡಸ್ತಾವ, ಕಡದು ಹಾಕ್ರಿ ಅಂತ ವಾಟ್ಸಾಪಿನಾಗ ಒಂದು ವಿಡಿಯೋ ಓಡಾಡ್ಲಿಕತ್ತದ. ಖರೇ ಏನ್ರಿ?
— ಓದುಗರು, ಕಲಬುರಗಿ

ಉತ್ತರ: ಅರ್ಧ ಖರೆ. ಕೊಡಲಿ ಎತ್ತುವಷ್ಟಲ್ಲ. ಗಾಳಿ ಕೆಡುವುದೆಂದರೆ ಇಲ್ಲಿ ಓಝೋನ್ ಏರುವುದು: ಆಕಾಶದ ಮೇಲಿನ ಓಝೋನ್ ಪದರದ ಮಾತಲ್ಲ, ನೆಲದ ಹತ್ತಿರ ಹುಟ್ಟಿ ಉಸಿರಾಟಕ್ಕೆ ತೊಂದರೆ ಕೊಡುವ ಓಝೋನಿನ ಮಾತು.

ನೀಲಗಿರಿ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿರಿ, ಸೂಜಿಮೊನೆಯಷ್ಟು ತಿಳಿ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆ ಚೀಲಗಳು. ಎಲೆ ತಿಕ್ಕಿದಾಗ ಮೂಗಿಗೆ ಬಡಿಯುವ ವಾಸನೆ ಅದರೊಳಗಿನ ಟರ್ಪೀನ್ ಎಂಬ ಎಣ್ಣೆಯಂಶಗಳದ್ದು. ಸೆಕೆ ಇದ್ದರೆ ಅವು ರಾತ್ರಿಯೂ ಆವಿಯಾಗುತ್ತವೆ. ಇದೇ ಎಲೆ ಐಸೊಪ್ರೀನ್ ಎಂಬ ಇನ್ನೊಂದು ಅನಿಲವನ್ನೂ ಬಿಡುತ್ತದೆ. ಅದಕ್ಕೆ ಚೀಲ ಇಲ್ಲ. ಬಿಸಿಲು ಬಿದ್ದಾಗ ತಯಾರಾಗಿ ಆಗಲೇ ಹೊರಬೀಳುತ್ತದೆ, ಕತ್ತಲಾದರೆ ಬಂದ್. ಎಲೆಯ ಬಿಸಿ 40 ಡಿಗ್ರಿ ಸುಮಾರಿಗೆ ಬರುವವರೆಗೂ ಅದರ ಪ್ರಮಾಣ ಏರುತ್ತಲೇ ಹೋಗುತ್ತದೆ. ಅಂದರೆ ನಮ್ಮ ಏಪ್ರಿಲ್–ಮೇ ಅದಕ್ಕೆ ಹೇಳಿ ಮಾಡಿಸಿದ ಕಾಲ. ಜಗತ್ತಿನ ಗಿಡಮರಗಳೆಲ್ಲ ಸೇರಿ ವರ್ಷಕ್ಕೆ ಸುಮಾರು 50 ಕೋಟಿ ಟನ್ ಐಸೊಪ್ರೀನ್ ಬಿಡುತ್ತವೆ.

ಆದರೆ ಐಸೊಪ್ರೀನ್ ಒಂದೇ ಓಝೋನ್ ಮಾಡಲಾರದು. ಜೊತೆಗೆ ನೈಟ್ರೋಜನ್ ಆಕ್ಸೈಡುಗಳು ಬೇಕು. ಅವು ಬರುವುದು ಲಾರಿ, ಆಟೋಗಳ ಹೊಗೆಯಿಂದ, ಡೀಸೆಲ್ ಜನರೇಟರಿನಿಂದ, 1,450 ಡಿಗ್ರಿಯಲ್ಲಿ ಕ್ಲಿಂಕರ್ (ಪುಡಿ ಮಾಡಿದರೆ ಸಿಮೆಂಟ್ ಆಗುವ ಗಟ್ಟಿ ಉಂಡೆ) ಸುಡುವ ಸಿಮೆಂಟ್ ಗೂಡುಗಳಿಂದ. ಸೇಡಂ, ವಾಡಿ ಕಡೆಯವರಿಗೆ ಈ ಗೂಡುಗಳನ್ನು ಬಿಡಿಸಿ ಹೇಳಬೇಕಿಲ್ಲ. ಐಸೊಪ್ರೀನ್, ನೈಟ್ರೋಜನ್ ಆಕ್ಸೈಡು ಎರಡಕ್ಕೂ ಬಿಸಿಲು ಕೂಡಿದರೆ ನೆಲಮಟ್ಟದ ಓಝೋನ್ ಹುಟ್ಟುತ್ತದೆ. ಚಿಂಚೋಳಿ ಕಾಡಿನೊಳಗೆ ಹೊಗೆ ಕಡಿಮೆ, ಹಾಗಾಗಿ ಅಲ್ಲಿ ಅಷ್ಟೇ ಐಸೊಪ್ರೀನ್ ಇದ್ದರೂ ಓಝೋನ್ ಅಷ್ಟು ಏಳುವುದಿಲ್ಲ. ವಿಡಿಯೋ ಮಾಡಿದವರು ಈ ಅರ್ಧವನ್ನೇ ನುಂಗಿದ್ದಾರೆ.

ಇನ್ನೊಂದು ಮಾತು. ಎಲೆಗಳು ತಮ್ಮ ಸಣ್ಣ ರಂಧ್ರಗಳಿಂದ ಓಝೋನನ್ನು ಹೀರಿಕೊಳ್ಳುತ್ತವೆ. ಬೇರಿಗೆ ನೀರು ಸಿಗದಿದ್ದರೆ ನೀರು ಉಳಿಸಲು ಗಿಡ ಆ ರಂಧ್ರ ಮುಚ್ಚುತ್ತದೆ. ಹೀರುವುದು ನಿಲ್ಲುತ್ತದೆ, ಐಸೊಪ್ರೀನ್ ಮಾತ್ರ ಸಾಕಷ್ಟು ದಿನ ನಿಲ್ಲುವುದಿಲ್ಲ. ಮೇ ತಿಂಗಳ ಒಣಗಿದ ಗಿಡದ ತಂಟೆ ಇದು. ಕಡಿದರೆ ನೆರಳೂ ಹೋಗಿ ಓಣಿ ಮತ್ತಷ್ಟು ಕಾಯುತ್ತದೆ, ಕಾದಷ್ಟೂ ಓಝೋನ್ ಬೇಗ ಹುಟ್ಟುತ್ತದೆ.

ಪ್ರಶ್ನೆ: ಹಂಗಾದ್ರ ಹೊಸದಾಗಿ ಏನು ಹಚ್ಚಬೇಕು? ವಾಕಿಂಗ್ ಯಾವಾಗ?
— ಓದುಗರು, ಬೀದರ್

ಉತ್ತರ: ಲಾರಿ ಓಡಾಡುವ ರಸ್ತೆಯಂಚಿಗೆ ನೀಲಗಿರಿ, ಬಿದಿರು ಸಾಲಾಗಿ ಹಚ್ಚಬೇಡಿ, ಎರಡೂ ಐಸೊಪ್ರೀನ್ ಹೆಚ್ಚು ಬಿಡುವ ಜಾತಿ. ಒಂದೇ ಜಾತಿಯ ಸಾಲಿಗಿಂತ ನಾಲ್ಕೈದು ಜಾತಿ ಬೆರೆಸುವುದು ಮೇಲು. ಹಚ್ಚಿದ ಮೇಲೆ ಮೊದಲ ಎರಡು ಬೇಸಿಗೆ ಸಸಿಗೆ ಪಾತಿ ಕಟ್ಟಿ, ಕಸಕಡ್ಡಿ ಮುಚ್ಚಿ, ವಾರಕ್ಕೆ ಎರಡು ಸಲವಾದರೂ ಒಂದೊಂದು ಕೊಡ ನೀರು ಹಾಕಿ.

ಓಝೋನ್ ನೆತ್ತಿಗೇರುವುದು ಮಧ್ಯಾಹ್ನ, ಸಾಮಾನ್ಯವಾಗಿ 1ರಿಂದ 4 ಗಂಟೆಯೊಳಗೆ. ಬೇಸಿಗೆಯಲ್ಲಿ ಬೆಳಗ್ಗೆ 7ರೊಳಗೆ ನಡಿಗೆ ಮುಗಿಸಿರಿ. ಊರ ಹೊರಗೆ ಹೋದರೆ ಗಾಳಿ ಚೊಕ್ಕ ಎಂದು ಮಧ್ಯಾಹ್ನ ಹೊರಡಬೇಡಿ: ಪ್ಯಾಟಿ ನಡುವೆ ವಾಹನದಿಂದ ಆಗಷ್ಟೇ ಹೊರಬಿದ್ದ ನೈಟ್ರಿಕ್ ಆಕ್ಸೈಡ್ (ಮೇಲೆ ಹೇಳಿದ ನೈಟ್ರೋಜನ್ ಆಕ್ಸೈಡುಗಳಲ್ಲೊಂದು) ಹತ್ತಿರದ ಓಝೋನನ್ನು ತಿಂದುಹಾಕುತ್ತದೆ, ಗಾಳಿ ಬೀಸುವ ದಿಕ್ಕಿನ ಹೊರವಲಯದಲ್ಲೇ ಅದು ಹೆಚ್ಚು ಉಳಿಯುತ್ತದೆ. ಎಕ್ಯೂಐ (ಗಾಳಿಯ ಗುಣಮಟ್ಟದ ಸೂಚ್ಯಂಕ) ನೋಡುವಾಗ ಒಟ್ಟು ಅಂಕಿಯ ಕೆಳಗೆ ಓಝೋನಿನ 8 ಗಂಟೆಗಳ ಸರಾಸರಿಯನ್ನೂ ನೋಡಿ. ಭಾರತದ ಮಿತಿ ಘನಮೀಟರಿಗೆ 100 ಮೈಕ್ರೋಗ್ರಾಂ.